ಮಂಗಳವಾರದ ಹುಡುಗರು

"ಆ ಎರಡು ಬೆಂಚು ಮುಟ್ಟಬೇಡ," ಎಂದು ಟೀಚರ್ ಬೆಂಚಿನ ಒಂದು ತುದಿ ಹಿಡಿದು ಎಳೆದರು.

ಇನ್ನೊಂದು ತುದಿ ಹಿಡಿದಿದ್ದ ಚರ್ಚಿನ ಕಾವಲುಗಾರ ಬಿಡಲೂ ಆಗದೆ ಎಳೆಯಲೂ ಆಗದೆ ನಿಂತ. ಶವಪೆಟ್ಟಿಗೆಯನ್ನು ಮುಂದೆ ತಂದಿಟ್ಟಾಗಿದೆ, ಬಾಗಿಲಾಚೆ ಜನ ನಿಂತಿದ್ದಾರೆ, ಒಳಗೆ ಮುಂದಿನ ಎರಡು ಬೆಂಚು ಬಿಕೋ ಎನ್ನುತ್ತಿವೆ. ಇಂಥ ಹೊತ್ತಿನಲ್ಲಿ ಸತ್ತವರ ಹೆಂಡತಿಯ ಜೊತೆ ಹಗ್ಗಜಗ್ಗಾಟ ಆಡುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಹೊರಗಡೆ ವಯಸ್ಸಾದವರು ನಿಂತಿದ್ದಾರೆ ಟೀಚರ್."

"ಹಿಂದೆ ಜಾಗ ಮಾಡ್ಕೊಡು. ಇದು ಮಂಗಳವಾರದ ಹುಡುಗರಿಗೆ. ಅವರು ಬರ್ತಾರೆ."

ಅವನು ಬಿಟ್ಟ. ಮೂವತ್ತನಾಲ್ಕು ವರ್ಷ ಲೆಕ್ಕ ಪಾಠ ಮಾಡಿದವರ ದನಿಗೆ ಎದುರು ಮಾತಾಡುವುದು ಅಷ್ಟು ಸುಲಭವಲ್ಲ. ಅವನಿಗೂ ಅವರೇ ಮಗ್ಗಿ ಬಾಯಿಪಾಠ ಮಾಡಿಸಿದ್ದು.

ಪೆಟ್ಟಿಗೆಯಲ್ಲಿ ಮಲಗಿದ್ದವರನ್ನು ಎಲ್ಲರೂ ಶಿಳ್ಳೆಯಣ್ಣ ಎಂದೇ ಕರೆಯುತ್ತಿದ್ದರು. ಹಗಲು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂರುವ ಕೆಲಸ. ಸಂಜೆಯಾದರೆ ಚರ್ಚಿನ ಯುವಜನ ಸಂಘ. ನಲವತ್ತೊಂದು ವರ್ಷ ಬಿಡಿಗಾಸು ಮುಟ್ಟದೆ ಆ ಸಂಘಕ್ಕೆ ದುಡಿದಿದ್ದರು. ಶುಕ್ರವಾರ ಬೈಬಲ್ ಕ್ಲಾಸು, ಶನಿವಾರ ಮೈದಾನದಲ್ಲಿ ಆಟ, ರಜೆಯಲ್ಲಿ ಶಿಬಿರ. ಕೊರಳಲ್ಲಿ ಒಂದು ದಾರ, ದಾರದಲ್ಲಿ ಶಿಳ್ಳೆ, ಶಿಳ್ಳೆಯ ಪಕ್ಕದಲ್ಲಿ ಸಂಘದ ಸಭೆಯ ಹಾಲಿನ ಬೀಗದ ಕೈ. ಭಾನುವಾರ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಈ ದಿನ ಮಂಗಳವಾರ.

"ಯಾವ ಹುಡುಗರು ಅಕ್ಕಾ?" ಪಕ್ಕದಲ್ಲಿದ್ದ ತಂಗಿ ಕಿವಿಯ ಹತ್ತಿರ ಬಂದು ಕೇಳಿದಳು. "ಒಬ್ಬನ್ನಾದ್ರೂ ಕಣ್ಣಾರೆ ನೋಡಿದ್ದೀಯಾ?"

"ನೋಡಿಲ್ಲ. ಆದ್ರೆ ಗೊತ್ತು."

"ನೋಡದೇ ಗೊತ್ತಿರೋದು ಹೇಗೆ?"

ಟೀಚರ್ ಬಾಗಿಲ ಕಡೆ ನೋಡಿದರು. ಕೈಯಲ್ಲಿ ಒಂದು ಹಾಳೆ ಇತ್ತು. ಮನೆಯವರ ಪರವಾಗಿ ನಾಲ್ಕು ಮಾತು ಆಡಿ ಎಂದು ಪಾಸ್ಟರ್ ಕೇಳಿದ್ದರಿಂದ ಬೆಳಗ್ಗೆ ಕೂತು ಬರೆದದ್ದು. ಅದರಲ್ಲಿ ಗಂಡನ ಬಗ್ಗೆ ಮೂರು ಸಾಲು, ಮಂಗಳವಾರದ ಹುಡುಗರ ಬಗ್ಗೆ ಒಂದೂವರೆ ಪುಟ ಇತ್ತು.

ಒಂದು ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು. ಬೆಂಚು ಹಾಗೇ ಇತ್ತು. ಬಾಗಿಲಲ್ಲಿ ನಿಂತವರು ಖಾಲಿ ಬೆಂಚನ್ನು ನೋಡುವುದು, ಟೀಚರನ್ನು ನೋಡುವುದು, ಮತ್ತೆ ಕಾಲು ಬದಲಿಸುವುದು. ಕೊನೆಗೆ ಸಂಘದ ಕಾರ್ಯದರ್ಶಿ ತುದಿಗಾಲಲ್ಲಿ ಬಂದು ಬಗ್ಗಿದರು. ದಪ್ಪ ಕನ್ನಡಕ, ಸದಾ ಮೀಟಿಂಗಿಗೆ ತಡವಾದವರ ಮುಖ.

"ಯಾರಿಗೆ ಕಾಯ್ತಿದ್ದೀರಿ ಟೀಚರ್?"

"ಮಂಗಳವಾರದ ಕ್ಲಾಸಿನವರಿಗೆ. ನೀವು ಅವರಿಗೆ ವಿಷಯ ತಿಳಿಸಿಲ್ವಾ?"

"ಮಂಗಳವಾರದ ಕ್ಲಾಸಾ?" ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡರು. "ಅದನ್ನ ನಿಲ್ಲಿಸಿ ಇಪ್ಪತ್ತೆರಡು ವರ್ಷ ಆಯ್ತಲ್ಲ."

"ಸಂಘ ನಿಲ್ಲಿಸ್ತು. ಇವರು ನಡೆಸ್ತಾ ಇದ್ರು."

ಕಾರ್ಯದರ್ಶಿ ಆಚೀಚೆ ನೋಡಿ ದನಿ ತಗ್ಗಿಸಿದರು. "ಈ ಹೊತ್ತಲ್ಲಿ ಹೇಳಬಾರದು. ಮಂಗಳವಾರ ಹಾಲಿನಲ್ಲಿ ದೀಪ ಉರಿಯೋದು, ಒಳಗೆ ಯಾರೋ ಮಾತಾಡೋದು, ನಮ್ಮ ಕಿವಿಗೂ ಬಿದ್ದಿತ್ತು. ಬೆಂಕಿ ಇಲ್ಲದೆ ಹೊಗೆ ಬರುತ್ತಾ? ನಮ್ಮನ್ನ ಬಿಟ್ಟು ಬೇರೆ ಗುಂಪು ಕಟ್ತಿದ್ದಾರೆ ಅಂತ ಕಮಿಟಿಯಲ್ಲಿ ಗುಮಾನಿ ಇತ್ತು. ಹಿರಿಯರು ಅಂತ ಕೇಳೋಕೆ ಹೋಗ್ಲಿಲ್ಲ. ಆ ಹುಡುಗರ ಹೆಸರು ಹೇಳಿ, ಈಗಲೇ ಫೋನ್ ಮಾಡಿಸ್ತೀನಿ."

ಟೀಚರ್ ಬಾಯಿ ತೆರೆದರು. ತೊದಲ, ಎಡಗೈಯವನು, ಉಗುರು ಕಚ್ಚುವವನು, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ಹಡಗಿಗೆ ಸೇರಿದವನು. ಎಲ್ಲರೂ ನಾಲಿಗೆಯ ತುದಿಯಲ್ಲೇ ಇದ್ದರು. ಆದರೆ ಒಬ್ಬನದೂ ಹೆಸರಿರಲಿಲ್ಲ.

"ಮಂಗಳವಾರ ಹೆಸರು ಕೇಳೋ ಹಾಗಿಲ್ಲ," ಎಂದರು. ಆ ಮಾತು ಅವರಿಗೇ ಸಪ್ಪೆಯಾಗಿ ಕೇಳಿಸಿತು.

ಕಾರ್ಯದರ್ಶಿ ಮತ್ತು ತಂಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಪಾಸ್ಟರ್ ಎದ್ದು ನಿಂತು, "ಇವರ ಬದುಕು ತೆರೆದಿಟ್ಟ ಪುಸ್ತಕ," ಎಂದು ಶುರುಮಾಡಿದರು. ತಂಗಿಗೆ ಕೆಮ್ಮು ಬಂತು. ನಾಲ್ಕು ಮಾತಿಗೆ ಕರೆ ಬಂದಾಗ ಟೀಚರ್ ಹಾಳೆಯನ್ನು ನಾಲ್ಕಾಗಿ ಮಡಿಚಿ ಚೀಲದಲ್ಲಿಟ್ಟು, "ಈಗ ಬೇಡ," ಎಂದರು. ದುಃಖಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡು ಜನ ಮರುಗಿದರು. ಕಾವಲುಗಾರ ಮೆಲ್ಲಗೆ ಬಂದು, ಹೊರಗಿದ್ದ ಮುದುಕರನ್ನು ತಂದು ಬೆಂಚಿನಲ್ಲಿ ಕೂರಿಸಿದ. ಟೀಚರ್ ಸುಮ್ಮನೆ ನೋಡಿದರು.

*

ಇಪ್ಪತ್ತೆರಡು ವರ್ಷದ ಹಿಂದೆ ಸಂಘದವರು ಮಂಗಳವಾರದ ಕ್ಲಾಸು ನಿಲ್ಲಿಸಿದಾಗ ಟೀಚರ್ ಖುಷಿಪಟ್ಟಿದ್ದರು. ಮಕ್ಕಳಾಗಿರಲಿಲ್ಲ. ಮನೆ ಸಂಜೆಯ ಹೊತ್ತು ತೀರಾ ದೊಡ್ಡದಾಗುತ್ತಿತ್ತು. ಶುಕ್ರವಾರ, ಶನಿವಾರ, ಭಾನುವಾರ ಸಂಘಕ್ಕೆ ಹೋಗಲಿ. ಮಂಗಳವಾರವಾದರೂ ಗಂಡ ಎದುರಿಗೆ ಕೂತು ಚಹಾ ಕುಡಿಯಲಿ.

"ನಾನು ಸಂಘದ ಹಾಲಿನ ಬಾಗಿಲು ತೆಗೀತೀನಿ," ಎಂದರು ಶಿಳ್ಳೆಯಣ್ಣ.

"ಯಾರಿಗೆ? ಯಾರೂ ಬರಲ್ಲ ಅಂತ ತಾನೇ ನಿಲ್ಲಿಸಿದ್ದು?"

ಆಗ ಅವರು ಒಂದು ಹಳೆಯ ಸಂಗತಿ ಹೇಳಿದರು. ಸಂಘಕ್ಕೆ ಸೇರಿದ ಹೊಸತು. ಒಂದು ಮಂಗಳವಾರ ಏಳಕ್ಕೆ ಸರಿಯಾಗಿ ಹಾಲು ಮುಚ್ಚಿ, ಹಿಂಬಾಗಿಲಿಗೆ ಬೀಗ ಹಾಕಿ ಹೊರಟಿದ್ದರಂತೆ. ಮುಂಬಾಗಿಲನ್ನು ಯಾರೋ ತಟ್ಟಿದ ಸದ್ದು. ಆಗ ಮನೆ ದೂರ, ಬಸ್ಸಿನ ಹೊತ್ತಾಗಿತ್ತು. ಶುಕ್ರವಾರ ಬರಲಿ ಬಿಡು ಎಂದುಕೊಂಡು ನಡೆದರಂತೆ. ಮತ್ತೆ ಎರಡು ಸಲ ತಟ್ಟಿತು. ತಿರುಗಿ ನೋಡಲಿಲ್ಲ. ಶುಕ್ರವಾರ ಹೊಸಬರು ಯಾರೂ ಬರಲಿಲ್ಲ.

"ಆ ಕೈ ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ ಕಣೇ."

"ಯಾರೋ ವಿಳಾಸ ಕೇಳೋಕೆ ಬಂದಿದ್ದಿರಬೇಕು."

"ಇರಬಹುದು."

ಇದೊಂದು ನೆಪ ಎಂದು ಟೀಚರಿಗೆ ಅನ್ನಿಸಿತು. ಮನೆಯಲ್ಲಿ ಕೂರಲಾರದ ಗಂಡಸಿಗೆ ನೆಪಕ್ಕೇನು ಬರ? ಅವರು ಲೆಕ್ಕದವರು, ಷರತ್ತು ಹಾಕಿದರು: "ಒಂದು ತಿಂಗಳು. ನಾಲ್ಕು ಮಂಗಳವಾರ. ಒಬ್ಬನೂ ಬರದಿದ್ರೆ ಮುಗೀತು, ನೀವು ಮನೇಲಿರಬೇಕು. ಒಪ್ಪಿಗೆನಾ?"

"ಹೂಂ. ಒಪ್ಪಿಗೆ."

ಮೊದಲ ವಾರ ಟೀಚರ್ ಬಾಗಿಲಲ್ಲೇ ನಿಂತು ಕೇಳಿದರು. "ಬಂದ್ರಾ ಯಾರಾದ್ರೂ?"

"ಇಲ್ಲ."

ಎರಡನೆಯ ವಾರ, ಇಲ್ಲ. ಮೂರನೆಯ ವಾರವೂ ಇಲ್ಲ. ನಾಲ್ಕನೆಯ ಮಂಗಳವಾರ ಟೀಚರ್ ಗೆದ್ದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಬಂದ್ರಾ ಯಾರಾದ್ರೂ?"

ಶಿಳ್ಳೆಯಣ್ಣ ಚಪ್ಪಲಿ ಬಿಡುತ್ತಾ, ತಲೆ ಎತ್ತದೆ ಹೇಳಿದರು:

"ಒಬ್ಬ ಬಂದ."

*

ಸಮಾಧಿಯ ಜಾಗ ಚರ್ಚಿನ ಹಿಂದೆಯೇ. ಅದರ ಆಚೆ ಗೋಡೆ, ಗೋಡೆಗೆ ಒಂದು ಚಿಕ್ಕ ಗೇಟು. ಗೇಟು ದಾಟಿದರೆ ಬೀದಿ, ಅಲ್ಲೇ ಸಂಘದ ಹಾಲು. ಪೆಟ್ಟಿಗೆಯ ಹಿಂದೆ ನಡೆಯುವಾಗ ತಂಗಿ ಅಕ್ಕನ ಮೊಣಕೈ ಹಿಡಿದಿದ್ದಳು. ಹಿಡಿದದ್ದು ಆಸರೆಗೋ ಮಾತಾಡುವುದಕ್ಕೋ ಹೇಳುವುದು ಕಷ್ಟ.

"ತಪ್ಪು ತಿಳ್ಕೋಬೇಡ. ಭಾವ ಮಂಗಳವಾರ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೋಗ್ತಿದ್ರು. ಹೌದೋ ಅಲ್ವೋ?"

"ಹೌದು."

"ಮಂಗಳವಾರ ಮನೆಗೆ ಬಂದು ಊಟ ಮಾಡ್ತಿರಲಿಲ್ಲ."

"ಹುಡುಗರ ಮಾತಲ್ಲೇ ಹೊಟ್ಟೆ ತುಂಬ್ತು ಅಂತಿದ್ರು."

"ಮಾತಲ್ಲಿ ಯಾರ ಹೊಟ್ಟೆ ತುಂಬುತ್ತೆ ಅಕ್ಕಾ? ನನ್ನ ಯಜಮಾನರೂ ಹೀಗೇ ಒಂದು ವರ್ಷ ಊಟ ಬಿಟ್ಟಿದ್ರು. ಎಲ್ಲಿ ಉಣ್ತಿದ್ರು ಅಂತ ಆಮೇಲೆ ಊರೇ ಹೇಳ್ತು. ನಿನ್ನನ್ನ ಒಂದು ದಿನವಾದ್ರೂ ಅಲ್ಲಿಗೆ ಕರ್ಕೊಂಡು ಹೋಗಿದ್ರಾ?"

ಇಲ್ಲ. ಎಷ್ಟೋ ಸಲ ಬರುತ್ತೇನೆಂದು ಹೊರಟಿದ್ದರು. "ಹೆಂಗಸರು ಬಂದ್ರೆ ಹುಡುಗರು ಬಾಯಿ ಬಿಡಲ್ಲ ಟೀಚರಮ್ಮ, ಅದರಲ್ಲೂ ಲೆಕ್ಕದ ಟೀಚರ್ ಅಂದ್ರೆ ಕಿಟಕಿ ಹಾರಿ ಓಡ್ತಾರೆ," ಎಂದು ಗಂಡ ನಗಿಸಿ ಕೂರಿಸುತ್ತಿದ್ದರು. ಆಗ ನಗು ಬಂದಿತ್ತು. ಈಗ ಅದೇ ಮಾತು ತಲೆಯಲ್ಲಿ ಹುಳದ ಹಾಗೆ ಓಡಾಡತೊಡಗಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ತಂಗಿ. "ನಾನು ಆವತ್ತೇ ಹೇಳಿರ್ಲಿಲ್ವಾ?"

"ಸುಮ್ಮನಿರು. ಹೂತ ಮೇಲಾದ್ರೂ ಬೈಯಿ."

ಪೆಟ್ಟಿಗೆ ಇಳಿಯಿತು. ಪಾಸ್ಟರ್ ಪ್ರಾರ್ಥನೆ ಮುಗಿಸಿ ಟೀಚರ್ ಕಡೆ ತಿರುಗಿದರು. ಮೊದಲ ಹಿಡಿ ಮಣ್ಣು ಹೆಂಡತಿಯದು. ಟೀಚರ್ ಬಗ್ಗಿ ಮಣ್ಣು ತೆಗೆದುಕೊಂಡರು. ಹಸಿ ಮಣ್ಣು, ಬೆರಳ ಸಂದಿಗೆಲ್ಲ ಮೆತ್ತಿತು. ಕೈ ಗುಂಡಿಯ ಮೇಲೆ ಚಾಚಿದರು, ಮುಷ್ಟಿ ಮಾತ್ರ ಬಿಚ್ಚಲಿಲ್ಲ. ನಲವತ್ತು ವರ್ಷ ಬಾಳಿದ ಗಂಡಸು ಮಂಗಳವಾರ ಎಲ್ಲಿಗೆ ಹೋಗುತ್ತಿದ್ದನೆಂದು ತಿಳಿಯದೆ ಅವನ ಮೇಲೆ ಮಣ್ಣು ಹಾಕುವುದು ಹೇಗೆ? ಮಣ್ಣು ಹಾಕಿದ ಮೇಲೆ ಕೇಳುವುದು ಯಾರನ್ನು?

ಆಗಲೇ ಅವರು ಟೋಪಿ ನೋಡಿದ್ದು.

ಗುಂಡಿಯ ಆಚೆ ಬದಿಯಲ್ಲಿ, ಗೋಡೆಗೆ ಒತ್ತಿಕೊಂಡು ಒಬ್ಬ ನಿಂತಿದ್ದ. ಐವತ್ತು ದಾಟಿದ ಗಂಡಸು, ನೆರೆತ ಗಡ್ಡ, ತೊಳೆದರೂ ಹೋಗದ ಕಪ್ಪು ಗ್ರೀಸು ಮೆತ್ತಿದ ಕೈ. ಎಲ್ಲರೂ ತಲೆಯಿಂದ ಟೋಪಿ ತೆಗೆದದ್ದನ್ನು ನೋಡಿ ಅವನೂ ತೆಗೆದು ಎದೆಗೆ ಹಿಡಿದುಕೊಂಡಿದ್ದ. ನೀಲಿ ಉಣ್ಣೆಯ ಟೋಪಿ. ಕಿವಿಯ ಹತ್ತಿರ ಕೆಂಪು ದಾರದ ತೇಪೆ.

ಆ ತೇಪೆ ಹಾಕಿದ ದಿನ ಟೀಚರಿಗೆ ಚೆನ್ನಾಗಿ ನೆನಪಿತ್ತು. ನೀಲಿ ಉಣ್ಣೆ ಸಾಲದೆ ಬಂದಿತ್ತು, ಅಂಗಡಿ ಮುಚ್ಚಿತ್ತು, ಮಾರನೆಯ ದಿನ ಮಂಗಳವಾರ. ತೊದಲನ ಟೋಪಿ ಅದು. ಹದಿನೇಳು ವರ್ಷದ ಹುಡುಗನಿಗೆ ಹೆಣೆದದ್ದು.

ಟೀಚರ್ ಮುಷ್ಟಿಯನ್ನು ಹಿಂದಕ್ಕೆ ತೆಗೆದುಕೊಂಡರು. ಕರವಸ್ತ್ರ ಬಿಚ್ಚಿ ಮಣ್ಣನ್ನು ಅದರಲ್ಲಿ ಸುರಿದು ಗಂಟು ಹಾಕಿದರು.

"ಟೀಚರ್?" ಎಂದರು ಪಾಸ್ಟರ್.

"ನೀವೆಲ್ಲ ಹಾಕಿ. ನಾನು ಆಮೇಲೆ ಹಾಕ್ತೀನಿ."

ಜನ ಗುಸುಗುಸು ಎಂದರು. ಕಾರ್ಯದರ್ಶಿಗೆ ಏನನ್ನಿಸಿತೋ, ಕನ್ನಡಕ ತೆಗೆದು ಒರೆಸಿದರು.

*

ಒಬ್ಬ ಬಂದ ಮೇಲೆ ಇನ್ನೊಬ್ಬ ಬಂದ. ವರ್ಷ ಕಳೆಯುವುದರೊಳಗೆ ಐದು ಜನ. ಮಂಗಳವಾರ ಹೆಸರು ಕೇಳುವುದಿಲ್ಲ, ಯಾರ ಮಗ ಎಂದು ಕೇಳುವುದಿಲ್ಲ, ಬಂದವನು ಕೂತರೆ ಸಾಕು, ಅದೇ ಅಲ್ಲಿನ ನಿಯಮ ಎಂದರು ಶಿಳ್ಳೆಯಣ್ಣ. ಟೀಚರಿಗೆ ಅದು ಒಪ್ಪಿಗೆಯಾಯಿತು. ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿ ಕೂಗಿ ಅವರಿಗೂ ಸಾಕಾಗಿತ್ತು.

ಆಮೇಲೆ ಮಂಗಳವಾರ ಅವರಿಗೆ ಒಬ್ಬಳೇ ಕೂತ ಹಾಗೆ ಅನ್ನಿಸಲಿಲ್ಲ. ಮಧ್ಯಾಹ್ನ ಬಿಸ್ಕತ್ತು ಸುಡುತ್ತಿದ್ದರು. ಡಬ್ಬಿ ತುಂಬಿ ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು. ಸಂಜೆ ಹೆಣಿಗೆ ಹಿಡಿದು ಬಾಗಿಲು ನೋಡುತ್ತಾ ಕೂರುತ್ತಿದ್ದರು. ಗಂಡ ಬಂದು ಚಪ್ಪಲಿ ಬಿಡುವುದೇ ತಡ, ಶುರು.

"ಉಗುರು ಕಚ್ಚುವವನು ಬಂದಿದ್ನಾ?"

"ಬಂದಿದ್ದ. ಕೈ ನೋಡಬೇಕಿತ್ತು ಟೀಚರಮ್ಮ. ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಬೆರಳು ನಡುಗ್ತಾ ಇತ್ತು."

"ಮುಖ ಹೇಗಿತ್ತು?"

"ಮುಖ... ಎಲ್ಲರ ಹಾಗೇ."

ಯಾವಾಗಲೂ ಹೀಗೆ. ಕೈಯ ಬಗ್ಗೆ ಕೇಳಿದರೆ ಗೀರು, ಮಚ್ಚೆ, ಉಂಗುರ, ಮಸಿಯ ಕಲೆ ಎಲ್ಲ ಹೇಳುತ್ತಿದ್ದರು. ಮುಖಕ್ಕೆ ಬಂದರೆ ಮಾತು ತಡವರಿಸುತ್ತಿತ್ತು. ಗಂಡಸರಿಗೆ ಮುಖ ನೋಡುವ ಕಣ್ಣಿಲ್ಲ ಎಂದು ಟೀಚರ್ ಬಿಟ್ಟುಬಿಟ್ಟಿದ್ದರು.

ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗಾಗಿ ಅವರು ಒಂದು ದಿನ ಉಪವಾಸವಿದ್ದು ಪ್ರಾರ್ಥನೆ ಮಾಡಿದರು. ಕಷ್ಟದ ಲೆಕ್ಕಗಳನ್ನು ಹಂತ ಹಂತವಾಗಿ ಬಿಡಿಸಿ ಕಳಿಸಿದರು. ಅವನು ಪಾಸಾದ ಸುದ್ದಿ ಬಂತು, ಎರಡೇ ಅಂಕ ಹೆಚ್ಚು. "ಅಷ್ಟೆಲ್ಲ ಬಿಡಿಸಿಕೊಟ್ಟೂ ಎರಡೇನಾ?" ಎಂದು ಮುನಿಸಿಕೊಂಡು, ಆದರೂ ಅವನಿಗೊಂದು ಟೋಪಿ ಹೆಣೆದರು. ಹಡಗಿಗೆ ಸೇರಿದವನಿಗೂ ಹೆಣೆದರು, ಸಮುದ್ರದಲ್ಲಿ ಗಾಳಿ ಜಾಸ್ತಿ ಎಂದು. ಪ್ರತಿ ರಾತ್ರಿ ಮಲಗುವ ಮುನ್ನ ಒಬ್ಬೊಬ್ಬರನ್ನೇ ನೆನೆಸಿಕೊಂಡು ಪ್ರಾರ್ಥಿಸುತ್ತಿದ್ದರು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಮಲಗಿದ ಗಂಡ ಉಸಿರು ಬಿಗಿಹಿಡಿದು, ನಿದ್ದೆ ಬಂದವರ ಹಾಗೆ ಗೋಡೆಯ ಕಡೆ ತಿರುಗಿಕೊಂಡಿರುತ್ತಿದ್ದರು.

*

"ನಿಲ್ಲಪ್ಪಾ," ಎಂದು ಟೀಚರ್ ಚಿಕ್ಕ ಗೇಟಿನ ಹತ್ತಿರ ಅವನನ್ನು ಹಿಡಿದರು. "ಈ ಟೋಪಿ ನಿನಗೆಲ್ಲಿ ಸಿಕ್ತು?"

ಅವನು ಟೋಪಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕಳ್ಳನ ಹಾಗೇ ಕಾಣಿಸಿದ. "ಅ... ಅ... ಅಣ್ಣ ಕೊಟ್ಟಿದ್ದಮ್ಮ."

ತೊದಲು. ಟೀಚರ್ ಇನ್ನೊಂದು ಹೆಜ್ಜೆ ಹತ್ತಿರ ಹೋದರು.

ಅವನು ಸಂಘದ ಹಾಲಿನ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟವನು. ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದಾನೆ. ಅಷ್ಟರಲ್ಲಿ ತಂಗಿಯೂ ಬಂದಳು, ಅವಳ ಹಿಂದೆ ಕಾರ್ಯದರ್ಶಿ.

"ಟೀಚರ್, ಆ ಬೀಗದ ಕೈ..." ಎಂದು ಕಾರ್ಯದರ್ಶಿ ರಾಗ ಎಳೆದರು. "ಒಳಗೆ ಒಂದು ಕಪಾಟಿದೆ. ಅದರ ಕೈ ಕೂಡ ಅವರ ಹತ್ತಿರಾನೇ ಇತ್ತು. ಏನಿದೆ ಅಂತ ನೋಡ್ಬೇಕಲ್ಲ."

"ನಾನೇ ತೆಗೀತೀನಿ. ನೀವೂ ಬನ್ನಿ. ನೀನೂ ಬಾಪ್ಪಾ."

ಗಂಡನ ಕೊರಳಿಂದ ತೆಗೆದ ದಾರ ಟೀಚರ ಚೀಲದಲ್ಲಿತ್ತು. ಬೀಗ ಎಣ್ಣೆ ಹಾಕಿದ ಹಾಗೆ ಸಲೀಸಾಗಿ ತೆರೆದುಕೊಂಡಿತು. ಹಾಲು ದೊಡ್ಡದೇನಲ್ಲ. ಸಿಮೆಂಟು ನೆಲ, ಗೋಡೆಗೆ ಒರಗಿಸಿದ ಮಡಿಚುವ ಕುರ್ಚಿಗಳು, ಮೂಲೆಯಲ್ಲಿ ಕಬ್ಬಿಣದ ಕಪಾಟು. ನೆಲದ ನಡುವೆ ಸುತ್ತಲೂ ಕುರ್ಚಿಯ ಕಾಲು ಉಜ್ಜಿ ಉಜ್ಜಿ ಆದ ಗುರುತುಗಳಿದ್ದವು, ವೃತ್ತಾಕಾರವಾಗಿ.

"ಇಲ್ಲಿ ಯಾರ್ಯಾರು ಬರ್ತಿದ್ರು? ನಿಜ ಹೇಳು," ಎಂದಳು ತಂಗಿ. "ಹೆಂಗಸು ಯಾರಾದ್ರೂ?"

"ಹೆಂ... ಹೆಂಗಸಾ?" ಪಂಕ್ಚರಿನವನು ಗಾಬರಿಯಾದ. "ಯಾರೂ ಬರ್ತಿರಲಿಲ್ಲಮ್ಮ."

"ಮಾತಾಡೋದು ಕೇಳಿಸ್ತಿತ್ತಲ್ಲ?" ಎಂದರು ಕಾರ್ಯದರ್ಶಿ.

"ಅಣ್ಣ ಒಬ್ಬರೇ ಮಾತಾಡ್ತಿದ್ರು ಸಾರ್. ಹ... ಹನ್ನೆರಡು ಕುರ್ಚಿ ಹಾಕೋರು. ಒಂದರಲ್ಲಿ ತಾವು ಕೂರೋರು. ಮುಂಬಾಗಿಲು ಪೂರ್ತಿ ತೆಗೆದಿಡೋರು. ಐದರಿಂದ ಏಳು. ಆಮೇಲೆ ಎಲ್ಲ ಮಡಿಚಿಟ್ಟು ಹೋಗೋರು. ಒಂದು ವಾರಾನೂ ತಪ್ಪಿಸಿದ್ದಿಲ್ಲ."

"ಒಬ್ಬರೇ ಏನು ಮಾತಾಡ್ತಿದ್ರು?"

ಅವನು ಟೀಚರ ಕಡೆ ನೋಡಿದ, ಹೇಳಲೋ ಬೇಡವೋ ಎನ್ನುವ ಹಾಗೆ. "ಮನೇಲಿ ಹೇಳೋದನ್ನ ಇಲ್ಲಿ ಒಂದ್ಸಲ ಹೇಳಿ ನೋಡ್ಕೊಳ್ಳೋರಮ್ಮ. ಇವತ್ತು ಅವನು ಹೀಗಂದ, ಇವನು ಹಾಗಂದ ಅಂತ. ಒಂದಿನ ಮಳೆ ಬಂತು ಅಂತ ನಾನು ಬಾಗಿಲಲ್ಲಿ ನಿಂತಿದ್ದೆ. ಕರೆದು ಕೂರಿಸಿದ್ರು. ಆಮೇಲೊಂದು ವಾರ ಟೋಪಿ ಕೊಟ್ಟು, 'ನಮ್ಮ ಮನೆಯಾಕೆ ಹೆಣೆದದ್ದು, ನಿನ್ನನ್ನ ಹುಡುಗ ಅಂತ ಹೇಳಿಬಿಟ್ಟಿದ್ದೀನಿ, ಬೇಜಾರು ಮಾಡ್ಕೋಬೇಡ' ಅಂದ್ರು. ನನಗೆ ಆವಾಗಲೇ ಇಬ್ಬರು ಮಕ್ಕಳಮ್ಮ."

"ಬಿಸ್ಕತ್ತು?" ಎಂದು ಟೀಚರ್ ಕೇಳಿದರು.

"ನನಗೆ ನಾಲ್ಕು ಕೊಡೋರು. ಉಳಿದದ್ದು ಅವರೇ ತಿನ್ನೋರು. ಡಬ್ಬಿ ಖಾಲಿ ಹೋಗ್ಬೇಕು ಅಂತ ಕ... ಕಷ್ಟಪಟ್ಟು ತಿನ್ನೋರು."

ತಂಗಿ ಬಾಯಿಗೆ ಸೆರಗು ಹಿಡಿದಳು. ಭಾವನಿಗೆ ಬೇರೆ ಹೆಣ್ಣಿಲ್ಲವೆಂದು ನಿರಾಳವಾಯಿತೋ, ತನ್ನ ಊಹೆ ನೆಲಕಚ್ಚಿತೆಂದು ಬೇಜಾರಾಯಿತೋ, ಅವಳ ಮುಖದಲ್ಲಿ ಎರಡೂ ಇತ್ತು. ಕಾರ್ಯದರ್ಶಿ ಮಾತ್ರ, "ಸದ್ಯ, ಬೇರೆ ಗುಂಪಲ್ಲ," ಎಂದು ಬಾಯಿತಪ್ಪಿ ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡರು.

ಟೀಚರ್ ಕಪಾಟು ತೆರೆದರು. ಮೇಲಿನ ಖಾನೆಯಲ್ಲಿ ಹಂತ ಹಂತವಾಗಿ ಬಿಡಿಸಿದ ಲೆಕ್ಕದ ಹಾಳೆಗಳು, ಒಂದೂ ಮುದುಡದೆ. ಕೆಳಗೆ ಕಾಗದದಲ್ಲಿ ಸುತ್ತಿದ ಎಂಟು ಪೊಟ್ಟಣ. ಪ್ರತಿ ಪೊಟ್ಟಣದ ಮೇಲೂ ಗಂಡನ ದುಂಡು ಅಕ್ಷರ. ಎಡಗೈಯವನದು. ಉಗುರಿನವನದು. ಹಡಗಿನವನದು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ಒಂದು ಟೋಪಿಯನ್ನೂ ಯಾರೂ ತಲೆಗೆ ಹಾಕಿರಲಿಲ್ಲ.

"ಕೈಗಳು," ಎಂದರು ಟೀಚರ್ ಮೆಲ್ಲಗೆ. "ಟಿಕೆಟ್ ಕಿಟಕಿಯ ತೂತಿನಲ್ಲಿ ಬರೋದು ಕೈ ಮಾತ್ರ. ಮುಖ ಎಲ್ಲಿ ಕಾಣುತ್ತೆ? ಹಗಲೆಲ್ಲ ಅಲ್ಲಿ ಕೈ ನೋಡಿ, ಸಂಜೆ ನನಗೆ ಹುಡುಗರನ್ನ ಮಾಡಿ ತಂದು ಕೊಟ್ಟಿದ್ದಾರೆ."

"ಅಕ್ಕಾ, ಪಾಪ, ನಿನಗೆ ಖುಷಿಯಾಗ್ಲಿ ಅಂತ..."

"ನನ್ನ ಖುಷಿಗಲ್ಲ. ಷರತ್ತಿಗೆ." ಅವರಿಗೆ ಅಳುವಿಗಿಂತ ಮೊದಲು ಕೋಪ ಬಂತು. "ಒಬ್ಬನೂ ಬರದಿದ್ರೆ ಮನೇಲಿರ್ತೀನಿ ಅಂತ ಮಾತು ಕೊಟ್ಟಿದ್ರು. ನಾಲ್ಕನೇ ವಾರ ಸುಳ್ಳು ಹೇಳಿದ್ರು. ಇಪ್ಪತ್ತೆರಡು ವರ್ಷ ನಾನು ಮನೇಲಿ ಒಬ್ಬಳೇ ಕೂತಿದ್ದೆ. ಇವರು ಇಲ್ಲಿ ಒಬ್ಬರೇ ಕೂತಿದ್ರು. ನಡುವೆ ಇರೋದು ಎರಡೇ ಬೀದಿ! ಇಲ್ಲದ ಹುಡುಗನ ಪರೀಕ್ಷೆಗೆ ನಾನು ಉಪವಾಸ ಮಾಡಿದ್ದೀನಿ ಕಣೇ. ಬೆಳಗ್ಗೆ ಮನೆಯಿಂದ ಒಂದು ಹೆಣ ಹೋಯ್ತು ಅಂದ್ಕೊಂಡಿದ್ದೆ. ಈಗ ನೋಡಿದ್ರೆ..." ಎಂದವರು ಪೊಟ್ಟಣಗಳ ಮೇಲೆ ಕೈಯಿಟ್ಟು ನಿಂತುಬಿಟ್ಟರು.

ಹೊರಗೆ ಯಾರೋ ಸೈಕಲ್ ತಂದು ಗಂಟೆ ಬಾರಿಸಿದರು. ಪಂಕ್ಚರಿನವನು ಹೋಗಬೇಕಾಯಿತು.

"ಟೋಪಿ ವಾಪಸ್ ಕೊ... ಕೊಡ್ಲಾ ಅಮ್ಮ?"

"ಬೇಡ. ನಿನ್ನ ಹೆಸರಿಗೇ ಹೆಣೆದದ್ದು, ಹಾಕ್ಕೋ."

ಮನೆಯಲ್ಲಿ ನೆಂಟರು ಕಾಯುತ್ತಿದ್ದಾರೆ ಎಂದು ತಂಗಿ ಕರೆದಳು. ಟೀಚರ್ ಕದಲಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದಾಗುವುದಕ್ಕೆ ಹತ್ತು ನಿಮಿಷವಿತ್ತು.

"ನೀನು ಹೋಗಿರು. ಏಳಕ್ಕೆ ಬಾ."

*

ಎಲ್ಲರೂ ಹೋದ ಮೇಲೆ ಅವರು ಕುರ್ಚಿ ಬಿಡಿಸಿದರು. ನೆಲದ ಗುರುತಿನ ಮೇಲೆ ಒಂದೊಂದಾಗಿ ಹನ್ನೆರಡು. ವಯಸ್ಸಾದ ಸೊಂಟ ಮೂರನೆಯದಕ್ಕೇ ಹಿಡಿದುಕೊಂಡಿತು. ಆ ಮನುಷ್ಯ ಅರವತ್ತರ ಹತ್ತಿರ ಬಂದ ಮೇಲೂ ಪ್ರತಿ ವಾರ ಹೇಗೆ ಬಿಡಿಸಿ ಮಡಿಚುತ್ತಿದ್ದನೋ. ಮುಂಬಾಗಿಲು ಪೂರ್ತಿ ತೆರೆದು, ಬಾಗಿಲಿಗೆ ಎದುರಾಗಿರುವ ಕುರ್ಚಿಯಲ್ಲಿ ಕೂತರು. ಅದರ ಸೀಟು ಮಾತ್ರ ತಗ್ಗಾಗಿತ್ತು. ಕರವಸ್ತ್ರದ ಗಂಟು ಮಡಿಲಲ್ಲಿತ್ತು.

"ಸುಳ್ಳುಗಾರ," ಎಂದರು ಎದುರಿನ ಕುರ್ಚಿಗೆ. ಹನ್ನೊಂದು ಖಾಲಿ ಕುರ್ಚಿ ಕೇಳಿಸಿಕೊಂಡವು.

ಐದೂವರೆಗೆ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಹೋಯಿತು. ಆರಕ್ಕೆ ಅಂಗಡಿಗಳ ದೀಪ ಹತ್ತಿತು. ಹೊತ್ತು ಇಷ್ಟು ನಿಧಾನ ನಡೆಯುತ್ತದೆಂದು ಟೀಚರಿಗೆ ಗೊತ್ತಿರಲಿಲ್ಲ. ಮನೆಯಲ್ಲಾದರೆ ಕೈಯಲ್ಲಿ ಹೆಣಿಗೆ ಇರುತ್ತಿತ್ತು, ಮನಸ್ಸಿನಲ್ಲಿ ಹುಡುಗರಿರುತ್ತಿದ್ದರು. ಇಲ್ಲಿ ಬಾಗಿಲು ಬಿಟ್ಟರೆ ನೋಡಲು ಏನೂ ಇಲ್ಲ. ಆರೂವರೆಗೆ ಹೆಜ್ಜೆ ಸದ್ದು ಬಂದು ಹೊಸ್ತಿಲ ಹತ್ತಿರ ನಿಂತಿತು. ಟೀಚರ್ ತಮಗೇ ತಿಳಿಯದೆ ಅರ್ಧ ಎದ್ದಿದ್ದರು, ಕೈ ಪಕ್ಕದ ಕುರ್ಚಿಯನ್ನು ಆಗಲೇ ಸರಿಸಿತ್ತು, ಕೂರು ಎನ್ನುವ ಹಾಗೆ. ಯಾರೋ ಷೂ ದಾರ ಕಟ್ಟಿಕೊಂಡು ಮುಂದೆ ಹೋದರು. ಅವರು ಮತ್ತೆ ಕೂತರು. ಆಗ ಅಳು ಬಂತು. ತಡೆಯುವವರು ಯಾರೂ ಇಲ್ಲದ್ದರಿಂದ ಸಾಕಷ್ಟು ಹೊತ್ತು ಅತ್ತರು.

ಏಳಕ್ಕೆ ಐದು ನಿಮಿಷವಿರುವಾಗ ಕುರ್ಚಿ ಮಡಿಚಲು ಶುರುಮಾಡಿದರು. ಏಳಾದ ಮೇಲೂ ಇನ್ನೊಂದು ಐದು ನಿಮಿಷ ಬಾಗಿಲು ತೆರೆದೇ ಇಟ್ಟರು. ಆಮೇಲೆ ಮುಂಬಾಗಿಲು ಹಾಕಿ, ಹಿಂಬಾಗಿಲಿಗೆ ಬೀಗ ಹಾಕಿ, ಚಿಕ್ಕ ಗೇಟಿನ ಕಡೆ ನಡೆದರು. ಹತ್ತು ಹೆಜ್ಜೆ ನಡೆದು ನಿಂತರು. ಕಿವಿಗೊಟ್ಟರು. ಯಾವ ಸದ್ದೂ ಇರಲಿಲ್ಲ.

ತಂಗಿ ಸಮಾಧಿಯ ಹತ್ತಿರವೇ ಕಾಯುತ್ತಿದ್ದಳು. ಗುಂಡಿ ಮುಚ್ಚಿ ದಿಬ್ಬ ಮಾಡಿದ್ದರು. ಕತ್ತಲಾಗುವ ಮೊದಲಿನ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಅಕ್ಕನನ್ನು ಕಂಡಿದ್ದೇ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಬಂದ್ರಾ ಯಾರಾದ್ರೂ?"

ಆ ದನಿ ಟೀಚರಿಗೆ ಗೊತ್ತಿತ್ತು. ಬರಲಿಲ್ಲ ತಾನೇ, ನಾನು ಹೇಳಿರಲಿಲ್ಲವೇ ಎನ್ನುವ ದನಿ. ಮನೆಯ ಬಾಗಿಲಲ್ಲಿ ನಾಲ್ಕು ವಾರ ನಿಂತು ತಾವೇ ಕೇಳಿದ್ದ ದನಿ. ಅವರು ಬಗ್ಗಿ ಕರವಸ್ತ್ರದ ಗಂಟು ಬಿಚ್ಚಿದರು. ಮಣ್ಣು ಒಣಗಿ ಹೆಂಟೆಯಾಗಿತ್ತು. ಅದನ್ನು ಅಂಗೈಯಲ್ಲಿ ಪುಡಿಮಾಡಿ, ದಿಬ್ಬದ ಮೇಲೆ ನಿಧಾನವಾಗಿ ಬಿಟ್ಟರು.

"ಒಬ್ಬ ಬಂದ," ಎಂದರು.

ತಂಗಿಯ ಕೈ ಸೊಂಟದಿಂದ ಜಾರಿತು. "ನಿಜವಾಗ್ಲೂ? ಯಾರು?"

"ಹೆಸರು ಕೇಳೋ ಹಾಗಿಲ್ಲ."

"ಹೇಗಿದ್ದ? ನೋಡೋಕೆ?"

ಟೀಚರ್ ತಮ್ಮ ಅಂಗೈ ನೋಡಿಕೊಂಡರು.

"ಮುಖ ನೋಡ್ಲಿಲ್ಲ. ಕೈಯೆಲ್ಲ ಮಣ್ಣಾಗಿತ್ತು," ಎಂದು ಹೇಳಿ, ಶಿಳ್ಳೆ ಮತ್ತು ಬೀಗದ ಕೈಯಿದ್ದ ದಾರವನ್ನು ಕೊರಳಿಗೆ ಹಾಕಿಕೊಂಡರು.